ಅಮೆರಿಕದ ಅಂತರ್ಯುದ್ಧ, ಧಾರವಾಡದ ಹತ್ತಿ ಮತ್ತು ನಮ್ಮ ಮುಂಬಯಿ

ಡೊಂಬಿವಲಿಯಲ್ಲಿ ನೆಲೆಸಿ ನಲವತ್ತು ವರ್ಷ ಕಳೆದಿರುವ, ಸ್ಟೇಟ್ ಬ್ಯಾಂಕಿನಿಂದ ನಿವೃತ್ತರಾದ ಹಿರಿಯರೊಬ್ಬರು ಸಂಘದ ಕಾರ್ಯಕ್ರಮವೊಂದು ಮುಗಿದ ಬಳಿಕ ನನ್ನನ್ನು ಬಾಗಿಲಲ್ಲೇ ತಡೆದು ನಿಲ್ಲಿಸಿದರು. ಮೂಲತಃ ಗದಗ ಕಡೆಯವರು. ಮಗನ ಸಂಸಾರ ಅಮೆರಿಕದ ಟೆಕ್ಸಾಸಿನಲ್ಲಿದೆ, ಮೊಮ್ಮಗಳು ಅಲ್ಲಿಯ ಶಾಲೆಯಲ್ಲಿ ಓದುತ್ತಾಳೆ. ಆ ದೇಶದ ಅಂತರ್ಯುದ್ಧ ನಡೆದದ್ದು ಗುಲಾಮಗಿರಿಯ ಕಾರಣದಿಂದ ಎಂದು ಶಿಕ್ಷಕಿ ಹೇಳಿದ್ದಾರೆ. ಗೆಳತಿಯ ಮನೆಯಲ್ಲಿ ಹಿರಿಯರು ಹಾಗಲ್ಲ, ಅದು ರಾಜ್ಯಗಳ ಹಕ್ಕುಗಳಿಗಾಗಿ ನಡೆದ ಹೋರಾಟ ಎಂದಿದ್ದಾರೆ. ಭಾನುವಾರ ವಿಡಿಯೋ ಕರೆಯಲ್ಲಿ ಹುಡುಗಿ ಅಜ್ಜನ ಮುಂದೆ ಪಂಚಾಯಿತಿ ಇಟ್ಟಿದ್ದಾಳೆ. “ನೀವು ಬರೀತೀರಲ್ರೀ, ಹೇಳ್ರಿ, ಖರೇ ಯಾವುದು? ಮತ್ತ ನಮಗೂ ಅದಕ್ಕೂ ಏನ್ ಸಂಬಂಧ ಅಂತ ಆಕಿ ಕೇಳಿದ್ರ ನಾ ಏನ್ ಹೇಳ್ಲಿ?” ಎಂಬುದು ಅವರ ಪ್ರಶ್ನೆ.

ಮೊದಲನೆಯದಕ್ಕೆ ಉತ್ತರ ಕಠಿಣವಲ್ಲ. ಎರಡನೆಯದು ನನ್ನನ್ನು ಕೆಲವು ದಿನ ಕಾಡಿತು. ಗದಗಿನವರಾಗಿ, ಅದೂ ಬ್ಯಾಂಕಿನಲ್ಲಿ ದುಡಿದವರಾಗಿ, ಅವರು ಇದನ್ನು ಕೇಳಿದ್ದೇ ವಿಶೇಷವೆನಿಸಿತು. ಅದಕ್ಕೆ ಕಾರಣವನ್ನು ಮುಂದೆ ಹೇಳುತ್ತೇನೆ.

ಈ ಗೊಂದಲ ಶಾಲಾ ಮಕ್ಕಳಿಗೆ ಸೀಮಿತವಾದದ್ದಲ್ಲ. 2023ರ ಡಿಸೆಂಬರ್ 27ರಂದು ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಬರ್ಲಿನ್ ಎಂಬ ಊರಿನಲ್ಲಿ, ರಿಪಬ್ಲಿಕನ್ ಪಕ್ಷದಿಂದ ಅಧ್ಯಕ್ಷ ಪದವಿಗೆ ಉಮೇದುವಾರಿಕೆ ಬಯಸಿದ್ದ ನಿಕ್ಕಿ ಹೇಲಿ ಅವರಿಗೆ ಸಭಿಕರೊಬ್ಬರು ಅಂತರ್ಯುದ್ಧದ ಕಾರಣವೇನೆಂದು ಕೇಳಿದರು. ಸರಕಾರದ ಪಾತ್ರ, ಜನರ ಸ್ವಾತಂತ್ರ್ಯ ಎಂದೆಲ್ಲ ಅವರು ಮಾತನಾಡಿದರು. ಗುಲಾಮಗಿರಿ ಎಂಬ ಪದ ಮಾತ್ರ ಬರಲಿಲ್ಲ. ಟೀಕೆಗಳು ಎದ್ದ ಮೇಲೆ ಮರುದಿನ, ಯುದ್ಧ ಗುಲಾಮಗಿರಿಯ ಕುರಿತದ್ದೇ ಎಂದು ಒಪ್ಪಿದರು. ಪಂಜಾಬಿನಿಂದ ವಲಸೆ ಹೋದ ಸಿಖ್ ದಂಪತಿಗಳ ಮಗಳಾದ ಇವರು ಹುಟ್ಟಿ ಬೆಳೆದದ್ದು ದಕ್ಷಿಣ ಕೆರೋಲಿನಾದಲ್ಲಿ. 2015ರಲ್ಲಿ ಆ ರಾಜ್ಯದ ಚಾರ್ಲ್ಸ್‌ಟನ್ ನಗರದ ಚರ್ಚಿನಲ್ಲಿ ಬಿಳಿಯ ಯುವಕನೊಬ್ಬ ಒಂಬತ್ತು ಮಂದಿ ಕಪ್ಪು ಜನರನ್ನು ಗುಂಡಿಕ್ಕಿ ಕೊಂದಾಗ, ರಾಜ್ಯಪಾಲರಾಗಿದ್ದ ಇದೇ ಹೇಲಿ ಅವರು ಶಾಸನಸಭೆಯ ಆವರಣದಿಂದ ದಕ್ಷಿಣದವರ ಯುದ್ಧಧ್ವಜವನ್ನು ಇಳಿಸುವ ಕಾಯಿದೆಗೆ ಸಹಿ ಹಾಕಿದ್ದರು. ಉತ್ತರ ಗೊತ್ತಿಲ್ಲದೆ ತಪ್ಪಿದವರಲ್ಲ ಅವರು. ಉತ್ತರ ಹೇಳಿದರೆ ಕೆಲವು ಮತಗಳು ತಪ್ಪಿಹೋದಾವು ಎಂಬ ಅಳುಕು ನೂರ ಅರವತ್ತು ವರ್ಷಗಳ ನಂತರವೂ ಅಲ್ಲಿ ಉಳಿದಿದೆ ಎಂಬುದೇ ಗಮನಿಸಬೇಕಾದ ಸಂಗತಿ.

ಆ ಬಳಿಕ ಗಾಳಿ ಇನ್ನೂ ಬೇರೆ ದಿಕ್ಕಿಗೆ ಬೀಸಿದೆ. ದಕ್ಷಿಣದ ಸೇನಾನಿ ಬ್ರಾಗ್ ಹೆಸರಿನಲ್ಲಿದ್ದ ಸೈನಿಕ ನೆಲೆಗೆ 2023ರಲ್ಲಿ ಫೋರ್ಟ್ ಲಿಬರ್ಟಿ ಎಂದು ಹೊಸ ಹೆಸರಿಡಲಾಗಿತ್ತು. 2025ರಲ್ಲಿ ಮತ್ತೆ ಫೋರ್ಟ್ ಬ್ರಾಗ್ ಎಂದಾಯಿತು. ಈ ಸಲ ಅದೇ ಅಡ್ಡಹೆಸರಿನ, ಎರಡನೆಯ ಮಹಾಯುದ್ಧದಲ್ಲಿ ಹೋರಾಡಿದ ಬೇರೊಬ್ಬ ಸೈನಿಕನ ಗೌರವಾರ್ಥ ಎಂದು ವಿವರಣೆ ಕೊಡಲಾಯಿತು. (ನಮ್ಮಲ್ಲಿ ರಸ್ತೆಗಳ ಹೆಸರು ಬದಲಿಸುವ ನಗರಸೇವಕರಿಗೂ ಈ ಜಾಣ್ಮೆ ಹೊಳೆದಿರಲಿಕ್ಕಿಲ್ಲ.) 2025ರ ಆಗಸ್ಟ್‌ನಲ್ಲಿ ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಅವರು, ಸ್ಮಿತ್ಸೋನಿಯನ್ ವಸ್ತುಸಂಗ್ರಹಾಲಯಗಳು ಗುಲಾಮಗಿರಿ ಎಷ್ಟು ಕೆಟ್ಟದ್ದಾಗಿತ್ತೆಂದು ಹೇಳುವುದರಲ್ಲೇ ಮುಳುಗಿವೆ ಎಂದು ಆಕ್ಷೇಪಿಸಿದರು. 2020ರಲ್ಲಿ ಪ್ರತಿಭಟನಕಾರರು ಉರುಳಿಸಿದ್ದ ದಕ್ಷಿಣದ ಸೇನಾನಿ ಆಲ್ಬರ್ಟ್ ಪೈಕ್ ಅವರ ಪ್ರತಿಮೆ ಅದೇ ವರ್ಷದ ಅಕ್ಟೋಬರ್‌ನಲ್ಲಿ ವಾಷಿಂಗ್ಟನ್ನಿನಲ್ಲಿ ಮರಳಿ ನಿಂತಿತು.

ಹಾಗಾದರೆ ಖರೆ ಯಾವುದು? ಇದಕ್ಕೆ ಇಂದಿನ ಪಂಡಿತರನ್ನು ಕೇಳಬೇಕಾಗಿಲ್ಲ, ಯುದ್ಧ ಹೂಡಿದವರ ಕಾಗದಪತ್ರಗಳನ್ನೇ ಓದಬಹುದು. 1860ರ ಡಿಸೆಂಬರ್‌ನಲ್ಲಿ ಒಕ್ಕೂಟದಿಂದ ಮೊದಲು ಹೊರನಡೆದದ್ದು ದಕ್ಷಿಣ ಕೆರೋಲಿನಾ. ಅದರ ಘೋಷಣೆಯಲ್ಲಿರುವ ಮುಖ್ಯ ದೂರು, ಓಡಿಹೋದ ಗುಲಾಮರನ್ನು ಹಿಡಿದೊಪ್ಪಿಸಲು ಉತ್ತರದ ರಾಜ್ಯಗಳು ಅಡ್ಡಿಪಡಿಸುತ್ತಿವೆ ಎಂಬುದು. ಮಿಸಿಸಿಪ್ಪಿ ರಾಜ್ಯವಂತೂ ತನ್ನ ನಿಲುವು ಗುಲಾಮಗಿರಿಯ ವ್ಯವಸ್ಥೆಯೊಂದಿಗೆ ಸಂಪೂರ್ಣವಾಗಿ ಒಂದಾಗಿದೆಯೆಂದು ನೇರವಾಗಿ ಸಾರಿತು. ಬೇರ್ಪಟ್ಟ ರಾಜ್ಯಗಳು ರಚಿಸಿಕೊಂಡ ಸಂವಿಧಾನ, ಗುಲಾಮರ ಮೇಲಿನ ಒಡೆತನಕ್ಕೆ ಕುಂದು ತರುವ ಕಾಯಿದೆಯನ್ನು ಮಾಡದಂತೆ ತನ್ನ ಶಾಸನಸಭೆಯ ಕೈಯನ್ನು ಕಟ್ಟಿಹಾಕಿತು. ಅವರ ಉಪಾಧ್ಯಕ್ಷ ಅಲೆಕ್ಸಾಂಡರ್ ಸ್ಟೀಫನ್ಸ್ 1861ರ ಮಾರ್ಚ್ 21ರಂದು ಸವಾನಾದಲ್ಲಿ ಮಾಡಿದ ಭಾಷಣದಲ್ಲಿ, ಕಪ್ಪು ಮನುಷ್ಯ ಬಿಳಿಯನಿಗೆ ಸಮನಲ್ಲ ಎಂಬ ತತ್ತ್ವವೇ ಹೊಸ ಸರಕಾರದ ಅಡಿಗಲ್ಲು ಎಂದರು. ಇದಕ್ಕಿಂತ ಸ್ಪಷ್ಟವಾಗಿ ಯಾರು ಹೇಳಬಲ್ಲರು?

ರಾಜ್ಯಗಳ ಹಕ್ಕು ಎಂಬ ವಾದವನ್ನು ಸ್ವಲ್ಪ ಪರೀಕ್ಷಿಸಿ ನೋಡುವುದು ಒಳ್ಳೆಯದು, ಏಕೆಂದರೆ ಕೇಳಲು ಅದು ಸಭ್ಯವಾಗಿದೆ. 1850ರ ಪರಾರಿ ಗುಲಾಮರ ಕಾಯಿದೆಯ ಪ್ರಕಾರ, ಉತ್ತರಕ್ಕೆ ಓಡಿಹೋದವನನ್ನು ಅಲ್ಲಿಯ ರಾಜ್ಯದ ಇಚ್ಛೆಯನ್ನು ಲೆಕ್ಕಿಸದೆ ಕೇಂದ್ರದ ಅಧಿಕಾರಿಗಳು ಹಿಡಿದು ಕಳುಹಿಸಬೇಕಿತ್ತು. ಇದನ್ನು ಒತ್ತಾಯಿಸಿದವರು ದಕ್ಷಿಣದವರೇ. ಆಗ ಉತ್ತರದ ರಾಜ್ಯಗಳ ಹಕ್ಕು ಅವರಿಗೆ ನೆನಪಾಗಲಿಲ್ಲ. 1860ರ ಜನಗಣತಿಯಂತೆ ಆ ದೇಶದಲ್ಲಿ ಸುಮಾರು 39 ಲಕ್ಷ 50 ಸಾವಿರ ಮಂದಿ ಗುಲಾಮರಿದ್ದರು. ದಕ್ಷಿಣ ಕೆರೋಲಿನಾ ಮತ್ತು ಮಿಸಿಸಿಪ್ಪಿಗಳಲ್ಲಿ ಜನಸಂಖ್ಯೆಯ ಅರ್ಧಕ್ಕಿಂತ ಹೆಚ್ಚು ಜನ ಇನ್ನೊಬ್ಬರ ಸ್ವತ್ತಾಗಿದ್ದರು. ಅಷ್ಟು ದೊಡ್ಡ ಸ್ವತ್ತು ಕೈತಪ್ಪುವ ಭಯವೇ ಹನ್ನೊಂದು ರಾಜ್ಯಗಳನ್ನು ಹೊರಕ್ಕೆ ಎಳೆಯಿತು.

ಆದರೆ ಗುಲಾಮಗಿರಿಯನ್ನೂ ವರ್ಣದ್ವೇಷವನ್ನೂ ಒಂದೇ ಎಂದು ತಿಳಿದರೆ ಉತ್ತರ ಅರ್ಧವಾಗುತ್ತದೆ. ಉತ್ತರದವರೆಲ್ಲ ಸಮಾನತೆಗಾಗಿ ಕಾದಾಡಿದರೆಂಬುದು ನಿಜವಲ್ಲ. ಲಿಂಕನ್ ಅವರೇ ಆರಂಭದಲ್ಲಿ ಹೇಳಿದ ಗುರಿ ಒಕ್ಕೂಟವನ್ನು ಉಳಿಸುವುದು. ವಿಮೋಚನೆಯ ಘೋಷಣೆ ಬಂದದ್ದು 1863ರ ಜನವರಿ 1ರಂದು. ಅದೇ ವರ್ಷದ ಜುಲೈಯಲ್ಲಿ ಕಡ್ಡಾಯ ಸೈನ್ಯಭರ್ತಿಯನ್ನು ವಿರೋಧಿಸಿ ನ್ಯೂಯಾರ್ಕಿನಲ್ಲಿ ದಂಗೆಯೆದ್ದ ಬಿಳಿಯರ ಗುಂಪು, ಕಪ್ಪು ಜನರನ್ನು ಹುಡುಕಿ ಕೊಂದಿತು. ಕಪ್ಪು ಅನಾಥ ಮಕ್ಕಳ ಆಶ್ರಮಕ್ಕೆ ಬೆಂಕಿ ಇಟ್ಟಿತು. ಇನ್ನೊಂದೆಡೆ ಸುಮಾರು 1 ಲಕ್ಷ 80 ಸಾವಿರ ಕಪ್ಪು ಸೈನಿಕರು ಒಕ್ಕೂಟದ ಸೈನ್ಯದಲ್ಲಿ ಹೋರಾಡಿದರು. 1865ರ ಡಿಸೆಂಬರ್‌ನಲ್ಲಿ ಗುಲಾಮಗಿರಿ ಕಾನೂನಿನಿಂದ ಅಳಿಯಿತು. ಅದನ್ನು ಸಾಕಿದ ಮನೋಭಾವ ಅಳಿಯಲಿಲ್ಲ. 1877ರಲ್ಲಿ ಕೇಂದ್ರದ ಸೈನ್ಯ ದಕ್ಷಿಣದ ರಾಜಕೀಯದಿಂದ ಹಿಂದೆಗೆದ ಮೇಲೆ ಮತದಾನ, ಶಾಲೆ, ರೈಲು ಡಬ್ಬಿ ಎಲ್ಲವೂ ಬಣ್ಣದ ಪ್ರಕಾರ ಹಂಚಿಹೋದವು. ಸೇನಾನಿಗಳ ಪ್ರತಿಮೆಗಳಲ್ಲಿ ಹೆಚ್ಚಿನವು ಎದ್ದುನಿಂತದ್ದು ಯುದ್ಧ ಮುಗಿದೊಡನೆ ಅಲ್ಲ, ಈ ಅವಧಿಯಲ್ಲಿ. ರಿಚ್ಮಂಡಿನ ಲೀ ಪ್ರತಿಮೆ 1890ರದು. 2021ರಲ್ಲಿ ಅದನ್ನು ಕೆಳಗಿಳಿಸಲಾಯಿತು. ಯುದ್ಧದ ಕಾರಣವನ್ನು ರಾಜ್ಯಗಳ ಹಕ್ಕು ಎಂದು ತಿದ್ದಿ ಬರೆದದ್ದೂ ಬಹುಪಾಲು ಇದೇ ಕಾಲದಲ್ಲಿ. ಯುದ್ಧಕ್ಕೆ ಮೂಲ ಗುಲಾಮಗಿರಿ, ಅದರ ನೆನಪನ್ನು ತಿರುಚಿದ್ದು ವರ್ಣದ್ವೇಷ ಎಂದು ನಾನು ತಿಳಿದಿದ್ದೇನೆ.

ಇನ್ನು, ನಮಗೂ ಅದಕ್ಕೂ ಏನು ಸಂಬಂಧ ಎಂಬ ಪ್ರಶ್ನೆ.

ಹಾರ್ಬರ್ ಮಾರ್ಗದಲ್ಲಿ ವಾಶಿ, ನೆರೂಳಿನಿಂದ ಕೋಟೆಗೆ ಕೆಲಸಕ್ಕೆ ಹೋಗುವವರು ದಿನವೂ ಕಾಟನ್ ಗ್ರೀನ್ ನಿಲ್ದಾಣವನ್ನು ದಾಟುತ್ತಾರೆ. ಕೊಲಾಬಾದಲ್ಲಿದ್ದ ಹತ್ತಿಯ ಮಾರುಕಟ್ಟೆ ಶಿವ್ಡಿ ಕಡೆಗೆ ಸರಿದಾಗ ಜೊತೆಗೆ ಬಂದ ಹೆಸರು ಅದು. ಆ ಕೊಲಾಬಾ ಮಾರುಕಟ್ಟೆಯನ್ನು ಕೊಬ್ಬಿಸಿದ್ದು ಅಮೆರಿಕದ ಯುದ್ಧ. ಲ್ಯಾಂಕಾಶೈರಿನ ಗಿರಣಿಗಳಿಗೆ ಬೇಕಾದ ಹತ್ತಿಯ ಮುಕ್ಕಾಲು ಪಾಲಿಗಿಂತ ಹೆಚ್ಚು ಅಮೆರಿಕದ ಗುಲಾಮರ ಕೈಯಿಂದ ಬರುತ್ತಿತ್ತು. 1861ರ ಏಪ್ರಿಲ್‌ನಲ್ಲಿ ಯುದ್ಧ ಆರಂಭವಾಗಿ ಉತ್ತರದ ನೌಕಾಪಡೆ ದಕ್ಷಿಣದ ಬಂದರುಗಳನ್ನು ಮುಚ್ಚಿದಾಗ, ಇಂಗ್ಲಿಷರು ತಿರುಗಿ ನೋಡಿದ್ದು ಮುಂಬಯಿಯತ್ತ. ಹತ್ತಿಯ ಬೆಲೆ ಮೂರು ನಾಲ್ಕು ಪಟ್ಟು ಏರಿತು. ವಾಡಿಕೆಯ ಬೆಲೆಗಿಂತ ಹೆಚ್ಚಾಗಿ ಆ ಐದು ವರ್ಷಗಳಲ್ಲಿ ಮುಂಬಯಿಗೆ ಬಂದ ಹಣ ಸುಮಾರು 8 ಕೋಟಿ ಪೌಂಡು ಎಂದು ಆ ಕಾಲದವರು ಲೆಕ್ಕ ಹಾಕಿದ್ದರು.

ಠಾಣೆಗೆ ರೈಲು ಬಂದದ್ದು 1853ರಲ್ಲಿ, ಕಲ್ಯಾಣಕ್ಕೆ 1854ರಲ್ಲಿ. ಕಲ್ಯಾಣದಿಂದ ಎರಡು ಕವಲಾಗಿ ಒಂದು ಭೋರ್ ಘಾಟಿಗೂ ಇನ್ನೊಂದು ಕಸಾರಾದ ಥಳ್ ಘಾಟಿಗೂ ಹೊರಟಿತು. ಭೋರ್ ಘಾಟಿನ ಮಾರ್ಗ 1863ರಲ್ಲಿ, ಥಳ್ ಘಾಟಿನದು 1865ರ ಜನವರಿಯಲ್ಲಿ ತೆರೆದವು. ಸುರಂಗ ಕೊರೆಯುವಲ್ಲಿ ಅಪಘಾತ, ಕಾಲರಾಗಳಿಗೆ ಸಿಕ್ಕಿ ಸತ್ತ ಕೂಲಿಗಳು ಸಾವಿರಾರು. ದಖ್ಖಣದ ಹತ್ತಿಯ ಮೂಟೆಗಳು ಕಲ್ಯಾಣದ ಮೇಲೆಯೇ ಇಳಿದು ಹಡಗು ಸೇರಿದವು. ನಾವಿಂದು ಜಂಕ್ಷನ್ ಎನ್ನುವ ಊರಿನ ಮೊದಲ ಭರಾಟೆಯಲ್ಲಿ ಆ ಯುದ್ಧದ ಪಾಲೂ ಇತ್ತು.

ಗದಗಿನ ಹಿರಿಯರ ಸಂಬಂಧ ಇನ್ನೂ ಹತ್ತಿರದ್ದು. ಧಾರವಾಡ ಜಿಲ್ಲೆ ಆಗ ಮುಂಬಯಿ ಇಲಾಖೆಯಲ್ಲಿತ್ತು. 1840ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಅಮೆರಿಕದಿಂದ ಹತ್ತು ಮಂದಿ ಅನುಭವಿ ಹತ್ತಿ ಬೆಳೆಗಾರರನ್ನು ಸಂಬಳ ಕೊಟ್ಟು ಭಾರತಕ್ಕೆ ಕರೆಸಿತು. ಗುಲಾಮರನ್ನು ದುಡಿಸುವ ಸೀಮೆಯಲ್ಲಿ ಕಸುಬು ಕಲಿತು ಬಂದವರು ಅವರು. ಅವರಲ್ಲಿ ಮರ್ಸರ್ ಎಂಬವರು ಧಾರವಾಡಕ್ಕೆ ಬಂದರು. ಬೇರೆಡೆ ಸೋತ ನ್ಯೂ ಆರ್ಲಿಯನ್ಸ್ ಬೀಜ ಧಾರವಾಡದ ಎರೆಮಣ್ಣಿನಲ್ಲಿ ಊರಿಕೊಂಡಿತು. ರೈತರು ಅದನ್ನು ವಿಲಾಯತಿ ಹತ್ತಿ ಎಂದರು, ನಾಡ ತಳಿ ಜವಾರಿ ಹತ್ತಿಯಾಯಿತು. ಸರಕಾರ ಗರಗಸದ ಜಿನ್ನುಗಳನ್ನು ತರಿಸಿ ಧಾರವಾಡದಲ್ಲಿ ಅವುಗಳ ಕಾರ್ಖಾನೆ ಹಾಕಿತು. ಇದೇ ಬಗೆಯ ಯಂತ್ರ 1790ರ ದಶಕದಲ್ಲಿ ಅಮೆರಿಕದಲ್ಲಿ ಬಳಕೆಗೆ ಬಂದು, ಕ್ಷೀಣಿಸುವಂತಿದ್ದ ಗುಲಾಮಗಿರಿಗೆ ಹೊಸ ಜೀವ ಕೊಟ್ಟಿತ್ತು ಎಂಬುದನ್ನು ಇಲ್ಲಿ ನೆನೆಯಬೇಕು.

ಯುದ್ಧ ಬಂದಾಗ ಧಾರವಾಡ ಸಿದ್ಧವಾಗಿಯೇ ಇತ್ತು. ಹುಬ್ಬಳ್ಳಿಗೆ ಆಗಿನ್ನೂ ರೈಲಿಲ್ಲ. ಹತ್ತಿ ಎತ್ತಿನ ಬಂಡಿಗಳಲ್ಲಿ ಘಟ್ಟವಿಳಿದು ಕುಮಟೆ ಸೇರಿ, ಅಲ್ಲಿಂದ ಪತ್ತೆಮಾರಿಗಳಲ್ಲಿ ಮುಂಬಯಿಗೆ ಬರುತ್ತಿತ್ತು. ಲಿವರ್‌ಪೂಲಿನ ವರ್ತಕರ ಬಾಯಲ್ಲಿ ಕುಮಟಾ ಎಂಬುದು ಊರಿನ ಹೆಸರಾಗಿರದೆ ಹತ್ತಿಯ ಹೆಸರಾಗಿತ್ತು. ಮ್ಯಾಂಚೆಸ್ಟರಿನವರ ಒತ್ತಾಯದಿಂದ ಕಾರವಾರವನ್ನು ಹತ್ತಿಯ ಬಂದರಾಗಿ ಬೆಳೆಸಲು 1862ರಲ್ಲಿ ಉತ್ತರ ಕನ್ನಡವನ್ನು ಮದರಾಸು ಇಲಾಖೆಯಿಂದ ಬಿಡಿಸಿ ಮುಂಬಯಿಗೆ ಸೇರಿಸಲಾಯಿತು. ಅಂದರೆ ಅಮೆರಿಕದ ಯುದ್ಧ ಒಂದು ಕನ್ನಡ ಜಿಲ್ಲೆಯ ರಾಜಧಾನಿಯನ್ನೇ ಬದಲಿಸಿತು. 1956ರವರೆಗೆ ಕಾರವಾರದವರು ಮುಂಬಯಿಯತ್ತ ಮುಖ ಮಾಡಿ ಬದುಕಿದ್ದರ, ನಮ್ಮಲ್ಲಿ ಅನೇಕರ ಅಜ್ಜಂದಿರು ಇತ್ತ ಬಂದದ್ದರ ಹಿಂದೆ ಆ ಗೆರೆಯೂ ಇದೆ.

ಬಂಡಿಯ ಗಾಲಿಗೆ ಬೆಳ್ಳಿಯ ಪಟ್ಟಿ ಹೊಡೆಸಿದ ರೈತರ ಕತೆಗಳು ಹತ್ತಿ ಸೀಮೆಗಳಲ್ಲಿ ಆಗ ಹುಟ್ಟಿಕೊಂಡವು. ಹತ್ತಿಗೆ ಕಸ, ಬೀಜ, ನೀರು ಬೆರೆಸಿ ತೂಕ ಏರಿಸುವ ಕಸುಬೂ ಬೆಳೆಯಿತು. ಅದನ್ನು ತಡೆಯಲು ಮುಂಬಯಿ ಸರಕಾರ 1863ರಲ್ಲಿ ಪ್ರತ್ಯೇಕ ಕಾಯಿದೆಯನ್ನೇ ಮಾಡಬೇಕಾಯಿತು. ಮುಂಬಯಿಯಲ್ಲಿ ಮಾತ್ರ ಹುಚ್ಚು ಮಿತಿ ಮೀರಿತು. ಬ್ಯಾಕ್ ಬೇ ಸಮುದ್ರ ತುಂಬಿಸುವ ಕಂಪನಿಯ 5,000 ರೂಪಾಯಿ ತುಂಬಿದ ಶೇರು 50,000 ರೂಪಾಯಿಯವರೆಗೂ ಏರಿತು. ದಿನಕ್ಕೊಂದು ಬ್ಯಾಂಕು, ದಿನಕ್ಕೊಂದು ಕಂಪನಿ. 1865ರ ಏಪ್ರಿಲ್‌ನಲ್ಲಿ ಜನರಲ್ ಲೀ ಶರಣಾದ ಸುದ್ದಿ ಬಂದೊಡನೆ ಹತ್ತಿಯ ಬೆಲೆ ಕುಸಿಯಿತು. ಆ ಜುಲೈ 1ರಂದು ವಾಯಿದೆಯ ಲೆಕ್ಕ ಚುಕ್ತಾ ಮಾಡುವ ದಿನ ನಗರದ ದೊಡ್ಡ ದೊಡ್ಡ ಮನೆತನಗಳು ದಿವಾಳಿಯೆದ್ದವು. 1864ರ ಗಣತಿಯಲ್ಲಿ 8,16,562 ಇದ್ದ ಮುಂಬಯಿಯ ಜನಸಂಖ್ಯೆ 1872ರಲ್ಲಿ 6,44,405ಕ್ಕೆ ಇಳಿಯಿತು. ಹಳೆಯ ಬ್ಯಾಂಕ್ ಆಫ್ ಬಾಂಬೆ ಇದೇ ಹೊಡೆತಕ್ಕೆ ಮುಳುಗಿ, 1868ರಲ್ಲಿ ಹೊಸದಾಗಿ ಕಟ್ಟಲ್ಪಟ್ಟು, 1921ರಲ್ಲಿ ಇಂಪೀರಿಯಲ್ ಬ್ಯಾಂಕಿನಲ್ಲಿ ಸೇರಿ, 1955ರಲ್ಲಿ ಸ್ಟೇಟ್ ಬ್ಯಾಂಕ್ ಆಯಿತು. ನಮ್ಮ ಹಿರಿಯರಿಗೆ ಪಿಂಚಣಿ ಕೊಡುವ ಸಂಸ್ಥೆಯ ವಂಶಾವಳಿಯಲ್ಲೂ ಆ ಯುದ್ಧ ಬರುತ್ತದೆ. ಇದನ್ನು ಹೇಳಿದಾಗ ಅವರು ಬಹಳ ಹೊತ್ತು ನಕ್ಕರು. ಧಾರವಾಡದ ರೈತನಿಗೆ ನಗಲು ಕಾರಣವಿರಲಿಲ್ಲ. ಏರಿದ ಬೆಲೆಯಲ್ಲಿ ಮಾಡಿದ ಸಾಲ ಇಳಿದ ಬೆಲೆಯಲ್ಲಿ ತೀರಲಿಲ್ಲ. ಹತ್ತು ವರ್ಷ ಕಳೆದು 1876-78ರ ಬರ ಬಂದು ಧಾರವಾಡ, ಕಲಾದಗಿ ಜಿಲ್ಲೆಗಳನ್ನು ಹುರಿದುಹಾಕಿತು.

ಒಂದು ದೇಶದ ಗುಲಾಮರ ಬಿಡುಗಡೆಯ ಯುದ್ಧ ನಡೆಯುತ್ತಿದ್ದಾಗ ಮುಂಬಯಿಯ ಪೇಟೆಗೆ ಬೇಕಾಗಿದ್ದುದು ಅದು ಮುಗಿಯದಿರುವುದು. ಇದು ನುಂಗಲು ಕಹಿ. ಅದೇ ಸಮಯದಲ್ಲಿ ಹತ್ತಿಯಿಲ್ಲದೆ ಕೆಲಸ ಕಳೆದುಕೊಂಡು ಅರೆಹೊಟ್ಟೆಯಲ್ಲಿದ್ದ ಮ್ಯಾಂಚೆಸ್ಟರಿನ ಕಾರ್ಮಿಕರು 1862ರ ಕೊನೆಯ ದಿನ ಸಭೆ ಸೇರಿ ಲಿಂಕನ್ ಅವರಿಗೆ ಬೆಂಬಲದ ಪತ್ರ ಬರೆದರು. ಅವರು ಜನವರಿಯಲ್ಲಿ ಕೃತಜ್ಞತೆಯಿಂದ ಉತ್ತರಿಸಿದರು. ನಮ್ಮ ಕಡೆಯಿಂದ ಅಂಥ ದನಿ ಬರಲು ಸ್ವಲ್ಪ ಕಾಲ ಹಿಡಿಯಿತು, ಆದರೆ ಬಂದಿತು. 1873ರಲ್ಲಿ ಪುಣೆಯ ಜೋತಿರಾವ್ ಫುಲೆ ಅವರು ತಮ್ಮ ‘ಗುಲಾಮಗಿರಿ’ ಎಂಬ ಮರಾಠಿ ಕೃತಿಯನ್ನು, ನೀಗ್ರೋ ಗುಲಾಮರ ವಿಮೋಚನೆಗಾಗಿ ಶ್ರಮಿಸಿದ ಅಮೆರಿಕದ ಸಜ್ಜನರಿಗೆ ಅರ್ಪಿಸಿದರು. ಪೇಟೆಗೆ ಆ ಯುದ್ಧ ಬರಿಯ ಧಾರಣೆಯಾಗಿತ್ತು. ಶೂದ್ರಾತಿಶೂದ್ರರ ಬಿಡುಗಡೆಯನ್ನು ಬಯಸಿದ ಫುಲೆ ಅವರು ಅದನ್ನು ಇಲ್ಲಿಗೂ ಅನ್ವಯಿಸುವ ಪಾಠವಾಗಿ ಓದಿದರು. 1946ರಲ್ಲಿ ಡಾ. ಅಂಬೇಡ್ಕರರು ಕಪ್ಪು ಜನರ ಮುಂದಾಳು ದು ಬೋಯ್ಸ್ ಅವರಿಗೆ ಪತ್ರ ಬರೆದದ್ದು ಇದೇ ಓದಿನ ಮುಂದುವರಿಕೆ.

ನಮ್ಮ ಹಳೆಯ ಊರುಗಳೂ ಈ ವಿಷಯದಲ್ಲಿ ನಿರ್ದೋಷಿಗಳಲ್ಲ. 1801ರಲ್ಲಿ ಕರಾವಳಿಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಅವರು, ಅಲ್ಲಿ ಹೊಲದಲ್ಲಿ ದುಡಿಯುವವರನ್ನು ಕೊಳ್ಳುವ, ಮಾರುವ, ಗೇಣಿಗೆ ಕೊಡುವ ಪದ್ಧತಿಯನ್ನು ದಾಖಲಿಸಿದ್ದಾರೆ. ಮೂಲದಾಳು ಎಂಬ ಪದ ನಮ್ಮ ಅಜ್ಜಿಯರಿಗೆ ಗೊತ್ತಿತ್ತು. ಹತ್ತಿಯ ಬಂಡಿಗಳು ಹುಬ್ಬಳ್ಳಿಯಿಂದ ಇಳಿಯುತ್ತಿದ್ದ ಯಲ್ಲಾಪುರದ ಕಾಡಿನಲ್ಲಿಯೇ, ಪೋರ್ಚುಗೀಸರು ಆಫ್ರಿಕಾದಿಂದ ಗೋವೆಗೆ ತಂದ ಗುಲಾಮರಲ್ಲಿ ತಪ್ಪಿಸಿಕೊಂಡು ಬಂದವರ ಸಂತತಿಯವರಾದ ಸಿದ್ದಿಗಳು ಇದ್ದರು. ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲೆಗಳಲ್ಲಿ ಇಂದೂ ಇದ್ದಾರೆ. ಕೊಂಕಣಿ, ಕನ್ನಡ ಮಾತನಾಡುತ್ತಾರೆ. ಅವರಲ್ಲಿ ಹಿಂದೂಗಳೂ ಮುಸ್ಲಿಮರೂ ಕ್ರೈಸ್ತರೂ ಇದ್ದಾರೆ. ಉತ್ತರ ಕನ್ನಡದ ಸಿದ್ದಿಗಳನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಲು 2003ರವರೆಗೆ ಕಾಯಬೇಕಾಯಿತು. ಶಾಂತಾರಾಮ ಸಿದ್ದಿ ಅವರು ವಿಧಾನ ಪರಿಷತ್ತಿಗೆ ನಾಮಕರಣಗೊಂಡದ್ದು 2020ರಲ್ಲಿ. ಅದಕ್ಕೂ ಮೊದಲು, 1980ರ ದಶಕದ ಕೊನೆಯಲ್ಲಿ ಸರಕಾರದ ಕಣ್ಣು ಅವರ ಮೇಲೆ ಬಿದ್ದದ್ದು ಓಟಗಾರರನ್ನು ಹುಡುಕುವಾಗ. ಆಫ್ರಿಕಾದ ರಕ್ತವಾದ್ದರಿಂದ ಪದಕ ತರುತ್ತಾರೆಂಬ ಲೆಕ್ಕಾಚಾರ. ಕೆಲವು ವರ್ಷಗಳಲ್ಲಿ ಆ ಯೋಜನೆಯೂ ನಿಂತಿತು.

ಇಷ್ಟನ್ನು ಆ ಹಿರಿಯರಿಗೆ ವಿವರವಾಗಿ ಬರೆದುಕೊಟ್ಟೆ. ಮೊಮ್ಮಗಳಿಗೆ ಓದಿ ಹೇಳಿದರಂತೆ. ಅವಳು ಕೇಳಿದ್ದು ಒಂದೇ ಮಾತು: “ಅಜ್ಜಾ, ಆ ದುಡ್ಡು ನಮ್ಮ ಮನಿಗೂ ಬಂದಿತ್ತಾ?” ಅವರಿಗೆ ಉತ್ತರ ಗೊತ್ತಿರಲಿಲ್ಲ.

ಅವಳ ಪ್ರಶ್ನೆ ಕೇಳಿದ ಮೇಲೆ ನನಗೆ ನಮ್ಮ ಮನೆಯ ಸಂಗತಿಯೇ ನೆನಪಾಗುತ್ತಿದೆ. ನಾನಿರುವುದು ನವಿ ಮುಂಬಯಿಯ ಒಂದು ವಸತಿ ಸೊಸಾಯಿಟಿಯಲ್ಲಿ. ಕೆಲವು ವರ್ಷಗಳ ಹಿಂದೆ ನೈಜೀರಿಯಾದ ಇಬ್ಬರು ವಿದ್ಯಾರ್ಥಿಗಳು ಬಾಡಿಗೆಗೆ ಮನೆ ಕೇಳಿಕೊಂಡು ಬಂದರು. ಕಾಗದಪತ್ರಗಳು ಸರಿಯಿದ್ದವು, ಮನೆಯ ಮಾಲೀಕರು ಒಪ್ಪಿದ್ದರು. ವಿಶೇಷ ಸಭೆ ಕರೆಯಲಾಯಿತು. “ಅವರು ಹೇಗೆಂದು ನಮಗೆ ಗೊತ್ತಿಲ್ಲವೇ” ಎಂದು ಒಬ್ಬರು, ಮನೆಯಲ್ಲಿ ಹೆಣ್ಣುಮಕ್ಕಳಿದ್ದಾರೆ ಎಂದು ಇನ್ನೊಬ್ಬರು ಹೇಳಿದರು. ಹೀಗೆಂದವರಲ್ಲಿ ಇಬ್ಬರ ಮಕ್ಕಳು ಅಮೆರಿಕದಲ್ಲಿ ಬಾಡಿಗೆ ಮನೆಗಳಲ್ಲಿಯೇ ಇದ್ದಾರೆ. ವಿದೇಶೀಯರಿಗೆ ಮನೆ ಕೊಡಬಾರದೆಂದು ನಿರ್ಣಯವಾಯಿತು. ಮುಂದಿನ ವರ್ಷವೇ ಜರ್ಮನಿಯ ಎಂಜಿನಿಯರ್ ದಂಪತಿಗಳು ಬಂದಾಗ ಆ ನಿರ್ಣಯ ಯಾರಿಗೂ ನೆನಪಾಗಲಿಲ್ಲ.

ಆ ಸಭೆಯಲ್ಲಿ ನಾನೂ ಕುಳಿತಿದ್ದೆ. ನಿರ್ಣಯದ ಪರವಾಗಿ ಕೈ ಎತ್ತಲಿಲ್ಲ, ವಿರೋಧವಾಗಿ ಬಾಯಿ ತೆರೆಯಲೂ ಇಲ್ಲ. ನಡಾವಳಿ ಪುಸ್ತಕದಲ್ಲಿ ಅದು ಸರ್ವಾನುಮತದ ನಿರ್ಣಯವೆಂದೇ ದಾಖಲಾಗಿದೆ. ಬರುವ ವಾರ್ಷಿಕ ಸಭೆಯಲ್ಲಿ ಅದನ್ನು ಮರುಪರಿಶೀಲನೆಗೆ ತೆಗೆದುಕೊಳ್ಳಬೇಕೆಂದು ಕಾರ್ಯದರ್ಶಿಗಳಿಗೆ ಪತ್ರ ಕೊಟ್ಟಿದ್ದೇನೆ. ಅನುಮೋದಕರಾಗಿ ಸಹಿ ಹಾಕಲು ಈವರೆಗೆ ಒಬ್ಬರು ಸಿಕ್ಕಿದ್ದಾರೆ.